ಹಾಲಪ್ಪ ಅಂಕಲ್ ಔಟೇ ಆಗಲ್ಲ

ಏಯ್ ಯೂಲೆಸ್ ಊರಿನವ್ರೇ, ಸ್ಟಾಫರ್ಡ್ ಊರಿನವ್ರೇ, ಇಲ್ಲಿ ಕೇಳ್ರಪ್ಪಾ! ನಮ್ಮ ಓಪನರ್ ಹಾಲಪ್ಪ ಅಂಕಲ್‌ಗೆ ಅರವತ್ತೆರಡು ವರ್ಷ, ಟೆಕ್ಸಸ್ ಕ್ರಿಕೆಟ್ ಲೀಗಿನಲ್ಲಿ ಇದು ಮೂವತ್ತನೇ ಸೀಸನ್, ಆದರೆ ಅವರ ಪ್ರಕಾರ ಇದುವರೆಗೆ ಒಮ್ಮೆಯೂ ಔಟಾಗಿಲ್ಲ. ಬೌಲ್ಡ್ ಆದರೆ ಗಾಳಿಗೆ ಬೇಲ್ಸ್ ಬಿತ್ತು, ಕ್ಯಾಚ್ ಕೊಟ್ಟರೆ ಅದು ನೋಬಾಲು. ಬೆರಳೆತ್ತಿದ ಅಂಪೈರ್ ನಮ್ಮ ಟೀಮಿನ ಹುಡುಗನೇ ಆಗಿದ್ದರೆ ಮನೆಗೆ ಮರಳುವಾಗ ಅವನಿಗೆ ಅಂಕಲ್ ಕಾರಿನಲ್ಲಿ ಜಾಗವಿಲ್ಲ. ಇವತ್ತು ಎದುರಾಳಿ ಬೌಲರ್ ಕೌಸ್ತುಭ್, ಪಾಪ ಮುದುಕ ಎಂದುಕೊಂಡು, ಮಗುವಿಗೆ ಹಾಕುವಂತೆ ಮೆಲ್ಲಗೆ ಚೆಂಡು ಹಾಕಿದ. ಅಂಕಲ್ ಅದನ್ನು ಹೊಡೆಯಲೇ ಇಲ್ಲ. "ಏನಲೇ, ಭಿಕ್ಷಾ ನೀಡಾಕತ್ತೀಯೇನ? ಬರೋಬ್ಬರಿ ಹಾಕಲೇ!" ಎಂದು ಗದರಿದರು. ಮುಂದಿನ ಚೆಂಡಿಗೆ ಮಿಡಲ್ ಸ್ಟಂಪ್ ಹಾರಿತು. ಗಾಳಿಯನ್ನು ಬೈಯದೆ, ಅಂಪೈರ್ ಕಡೆ ನೋಡದೆ, ಅಂಕಲ್ ತಾವೇ ನಡೆದುಬಂದರು. ಸಂಜೆ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಮುಂದಿನ ಭಾನುವಾರದ ಮ್ಯಾಚಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟರು.