ಹೊಳೆ ತುಂಬಿದ ದಿನದ ಗ್ರಾಮಸಭೆ

"ಇದು ಆಗೂದಲ್ಲ" ಎಂದು ನನ್ನ ಅಪ್ಪ ಖಡಾಖಂಡಿತ ಹೇಳಿ, ಆಮೇಲೆ ಅದು ಆಗಿಯೇ ಬಿಟ್ಟ ಸಂಗತಿ ನಮ್ಮ ಮನೆಯಲ್ಲಿ ಎರಡಿವೆ. ಒಂದು, ನಾನು ಬಿ.ಎ. ಮುಗಿಸಿದ್ದು. ಇದನ್ನು ಬರೆಯುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಇನ್ನೊಂದು, ಅಪ್ಪನ ತಂಗಿ ಗಿರಿಜತ್ತೆ ಮೀಸಲಾತಿ ಇಲ್ಲದ ಜಾಗದಲ್ಲಿ ಗಂಡಸರೆದುರು ನಿಂತು ಪಂಚಾಯತಿ ಚುನಾವಣೆ ಗೆದ್ದದ್ದು. ನನ್ನದನ್ನು ಇನ್ನೆಲ್ಲಾದರೂ ಹೇಳಿಕೊಂಡೇನು. ಇದು ಅತ್ತೆಯದು.

ಅತ್ತೆಯ ಗಂಟಲು ದೊಡ್ಡದು. ಮಂಜಗುಣಿಗೆ ಹೋಗುವ ದಾರಿಯಲ್ಲಿ, ಗಂಗಾವಳಿ ಹೊಳೆಯ ದಡಕ್ಕೆ ನಮ್ಮ ಕೇರಿ. ಇಳಿತದ ಹೊತ್ತಿಗೆ ನೀರು ಸರಿದು ಕೆಸರಿನ ದಿಬ್ಬ ಕಾಣುತ್ತಿದ್ದಂತೆ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಳಚು ಆರಿಸಲು ಇಳಿಯುತ್ತಿದ್ದರು. ಬಳಚು ಎಂದರೆ ಚಿಪ್ಪಿನೊಳಗಿನ ಮೀನು, ನಮ್ಮ ಕಡೆ ಅರ್ಧ ಊಟವೇ ಅದು. ಮತ್ತೆ ಭರತ ಏರುವುದು ಎಲ್ಲರಿಗಿಂತ ಮೊದಲು ಅತ್ತೆಗೆ ತಿಳಿಯುತ್ತಿತ್ತು. "ನೀರು ಬಂತ್ರೇ, ಮೇಲೆ ಬನ್ನಿ" ಎಂದು ಅವಳು ಕೂಗಿದರೆ ಆಚೆ ದಡದವರೂ ಬುಟ್ಟಿ ಎತ್ತಿಕೊಳ್ಳುತ್ತಿದ್ದರು.

ಇಂಥ ಗಂಟಲನ್ನು ಊರ ಹಿರಿಯರು ಪಂಚಾಯತಿಗೆ ಆರಿಸಿದ್ದು, ಅದು ಅಲ್ಲಿ ಬಾಯಿ ಬಿಡುವುದಿಲ್ಲ ಎಂಬ ಭರವಸೆಯ ಮೇಲೆ. ಸಂವಿಧಾನಕ್ಕೆ ತಿದ್ದುಪಡಿಯಾಗಿ, ರಾಜ್ಯದ ಕಾನೂನೂ ಬಂದು, ಪಂಚಾಯತಿಯಲ್ಲಿ ಹೆಂಗಸರಿಗೆ ಇಷ್ಟು ಜಾಗ ಬಿಡಲೇಬೇಕು ಎಂದಾಗಿತ್ತು. ಎರಡು ಸಾವಿರದ ಇಸವಿಯ ಚುನಾವಣೆಯಲ್ಲಿ ನಮ್ಮ ಕೇರಿಯ ಜಾಗ ಹೆಂಗಸರ ಪಾಲಿಗೆ ಬಂತು. ಹಿರಿಯರು ಜಗಲಿಯ ಮೇಲೆ ಕೂತು ಅತ್ತೆಯ ಹೆಸರು ಹೇಳಿದರು. ಎದುರು ಯಾರೂ ನಿಲ್ಲಲಿಲ್ಲ. ಪ್ರಮಾಣಪತ್ರ ತರಲು ಅತ್ತೆಯ ಗಂಡ, ನನ್ನ ಮಾವ, ಹೋದ. ಮೀಟಿಂಗಿಗೂ ಮಾವನೇ ಹೋದ. ಖುರ್ಚಿ ಮಾವನದು, ಸಹಿ ಅತ್ತೆಯದು. ಮಾವ ಕೆಟ್ಟ ಮನುಷ್ಯನಲ್ಲ. ಹೆಂಡತಿಯ ತಲೆಯ ಮೇಲಿನ ಒಂದು ಹೊರೆ ಇಳಿಸಿಕೊಂಡೆ ಎಂದೇ ಅವನು ತಿಳಿದಿದ್ದ.

ಆಮೇಲೆ ಅವನಿಗೆ ಬೇಲೆಕೇರಿ ಬಂದರಿನಲ್ಲಿ ಅದಿರು ತುಂಬುವ ಕಡೆ ಕೆಲಸ ಸಿಕ್ಕಿತು. ಹಗಲು ಹೊತ್ತು ಬಿಡುವಿಲ್ಲದಾಯಿತು. ಹಾಗಾಗಿ ಅತ್ತೆ ತಾನೇ ಹೋದಳು. ಯಜಮಾನರು ಹಿಂದೆ ಬರುತ್ತಿರಬೇಕು ಎಂದು ಕಾರ್ಯದರ್ಶಿ ಬಾಗಿಲ ಕಡೆಗೇ ನೋಡುತ್ತಿದ್ದರಂತೆ. "ಅವ್ರು ಬೇಲೆಕೇರಿಲಿ ಇದ್ದಾರೆ. ಕಾಯೂದಾದ್ರೆ ಸಂಜೆವರೆಗೆ ಕಾಯ್ಬೇಕು" ಎಂದು ಅತ್ತೆ ಖುರ್ಚಿ ಎಳೆದುಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಬಾವಿ. ಹೊಳೆಯ ಬದಿಯ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ತಡೆಯಲು ಹಾಕಿದ ಕಟ್ಟು ಒಡೆದು, ಭರತದ ನೀರು ಒಳಗೆ ನುಗ್ಗಿ, ಕೇರಿಯ ಕುಡಿಯುವ ಬಾವಿ ಹಾಳಾಗಿತ್ತು. ಹೆಂಗಸರು ಕೊಡ ಹೊತ್ತು ಹೆದ್ದಾರಿಯ ಆಚೆ ಹೋಗುತ್ತಿದ್ದರು. ಕಟ್ಟಿನ ಮಾತೆತ್ತಿದರೆ ಗ್ರಾಮಸಭೆಯಲ್ಲಿ ಬರಲಿ ಎಂದರು. ಗ್ರಾಮಸಭೆಯಲ್ಲಿ ಬರುತ್ತಿದ್ದದ್ದು ಪ್ರತಿ ಸಲ ದೇವಸ್ಥಾನದ ರಸ್ತೆ. ಯಾಕೆಂದರೆ ಸಭೆ ಇಡುತ್ತಿದ್ದದ್ದು ಹನ್ನೊಂದು ಗಂಟೆಗೆ ಸರಿಯಾಗಿ ಇಳಿತ ಇರುವ ದಿನಗಳಲ್ಲಿ, ಹೆಂಗಸರೆಲ್ಲ ಹೊಳೆಯಲ್ಲಿದ್ದಾಗ. ಬೇಕೆಂದು ಇಟ್ಟದ್ದಲ್ಲ, ಇಟ್ಟವರಲ್ಲಿ ಬಳಚಿಗೆ ಇಳಿಯುವವರು ಯಾರೂ ಇರಲಿಲ್ಲ, ಅಷ್ಟೇ. ಕರೆದರೂ ಹೆಂಗಸರು ಬರುವುದಿಲ್ಲ ಎಂಬ ದೂರು ಬೇರೆ.

ನಾನಾಗ ಅಂಕೋಲೆಯಲ್ಲಿ ಬಿ.ಎ. ಕೊನೆಯ ವರ್ಷ. ಪಂಚಾಯತ್ ರಾಜ್ ಕಾನೂನಿನ ಪುಸ್ತಕ ಲೈಬ್ರರಿಯಿಂದ ತರಿಸಿಕೊಂಡ ಅತ್ತೆ, ಬಳಚು ಬಿಡಿಸುತ್ತ ಕೂತು ನನ್ನಿಂದ ಓದಿಸಿದಳು. ಆ ಕನ್ನಡ ನನಗೂ ಸಲೀಸಿರಲಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕು, ಇಷ್ಟು ಜನ ಇರಲೇಬೇಕು, ಊರಿಗೆ ಯಾವ ಕೆಲಸ ಮೊದಲು ಎಂಬುದು ಅಲ್ಲೇ ತೀರ್ಮಾನವಾಗಬೇಕು ಎಂದು ಬಿಡಿಸಿ ಹೇಳಿದೆ.

"ಯಾವ ದಿನ ಇಡ್ಬೇಕು ಅಂತ ಬರ್ದಿದ್ಯಾ ತಂಗಿ?"

ಇಲ್ಲ ಎಂದೆ.

"ಹಾಗಾರೆ ಹೊಳೆ ನೋಡಿ ಇಟ್ರೆ ತಪ್ಪಿಲ್ಲ."

ಅಮಾವಾಸ್ಯೆಗೆ ನಮ್ಮಲ್ಲಿ ಹನ್ನೊಂದರ ಸುಮಾರಿಗೆ ಹೊಳೆ ತುಂಬಿರುತ್ತದೆ, ಹೆಂಗಸರೆಲ್ಲ ಮನೆಯಲ್ಲಿರುತ್ತಾರೆ. ಬಲೆ ಬೀಸುವ ಅಪ್ಪನಿಗೆ ಭರತ ಇಳಿತದ ಲೆಕ್ಕ ಬೆರಳ ತುದಿಯಲ್ಲಿತ್ತು. ಅತ್ತೆ ಅವನನ್ನು ಕೇಳಿದಾಗ ಅಪ್ಪ ನಕ್ಕುಬಿಟ್ಟ. "ಸರ್ಕಾರದ ಸಭೆ ಹೊಳೆ ನೋಡಿ ನಡೀತದಾ? ಅದೂ ಅಮಾಸೆ ದಿನ?"

ಪಂಚಾಯತಿಯಲ್ಲೂ ಇದೇ ತಕರಾರು. ಅಮಾವಾಸ್ಯೆ ದಿನ ಒಳ್ಳೆಯ ಕೆಲಸಕ್ಕೆ ಕೈ ಹಾಕುತ್ತಾರೆಯೇ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಅತ್ತೆ ಹೇಳಿದ್ದನ್ನು ಆಮೇಲೆ ಕೇರಿಯವರೆಲ್ಲ ಹೇಳಿಕೊಂಡು ತಿರುಗಿದರು: "ಬಾವಿ ನೀರು ಉಪ್ಪಾಗೂಕೆ ಯಾರೂ ಮುಹೂರ್ತ ನೋಡ್ಲಿಲ್ಲ, ಒಡೆಯಾ."

ಸಭೆ ಅಮಾವಾಸ್ಯೆಗೇ ಗೊತ್ತಾಯಿತು. ಅವತ್ತು ಶಾಲೆಯ ಕೋಣೆ ತುಂಬಿ ಹೆಂಗಸರು ಅಂಗಳದಲ್ಲೂ ಕೂತಿದ್ದರು. ರೂಢಿಯಂತೆ ದೇವಸ್ಥಾನದ ರಸ್ತೆ ಎಂದು ಓದಲು ಶುರುವಾಯಿತು. ಅತ್ತೆ ಎದ್ದು, ಹೊಳೆಯಲ್ಲಿ ಕೂಗುವ ಅದೇ ಗಂಟಲಲ್ಲಿ, ಮೊದಲು ಕಟ್ಟು ಆಗಲಿ ಎನ್ನುವವರು ಕೈ ಎತ್ತಿ ಎಂದಳು. ಚಿಪ್ಪಿನ ಗೀರು ತುಂಬಿದ ಕೈಗಳು ಒಳಗೂ ಹೊರಗೂ ಎದ್ದವು. ಕಾರ್ಯದರ್ಶಿ ತಲೆ ತಗ್ಗಿಸಿ ಠರಾವು ಬರೆದುಕೊಂಡರು. ಮುಂದಿನ ಬೇಸಿಗೆಯಲ್ಲಿ ಕಟ್ಟು ಎದ್ದಿತು. ಮಳೆಗಾಲ ಕಳೆದ ಮೇಲೆ ಬಾವಿಯ ನೀರು ಬಾಯಿಗೆ ಹಿಡಿಸುವಂತಾಯಿತು.

ಎರಡು ಸಾವಿರದ ಐದರಲ್ಲಿ ಮೀಸಲಾತಿ ಸರದಿ ಬದಲಾಗಿ ನಮ್ಮ ಕೇರಿಯ ಜಾಗ ಸಾಮಾನ್ಯವಾಯಿತು. ಇನ್ನು ಅದು ಗಂಡಸರದು ಎಂದು ಊರೆಲ್ಲ ತಿಳಿದುಕೊಂಡಿತು. ಅಪ್ಪನೂ. "ಕಾನೂನು ಕೊಟ್ಟಿತ್ತು, ಕಾನೂನೇ ತಕಂಡು ಹೋಯ್ತು. ಗೆಲ್ಲೂದು ಆಗೂದಲ್ಲ ಗಿರಿಜಾ. ಸುಮ್ನೆ ನಗೆಪಾಟಲಾಗ್ಬೇಡ."

ಸಾಮಾನ್ಯ ಎಂದರೆ ಗಂಡಸರದು ಎಂದು ಪುಸ್ತಕದಲ್ಲಿ ಇದೆಯೇ ಎಂದು ಅತ್ತೆ ನನ್ನನ್ನು ಕೇಳಿದಳು. ಇಲ್ಲ, ಯಾರೂ ನಿಲ್ಲಬಹುದು ಎಂದೆ. ನಿಂತಳು. ಎದುರಿಗೆ ಇಬ್ಬರು ಗಂಡಸರು. ಮಾವ ರಜೆ ಹಾಕಿ ಮನೆಮನೆಗೆ ತಿರುಗಿದ. ಅತ್ತೆಗೆ ಅಂಜಿಕೆ ಇದ್ದೇ ಇತ್ತು. ತಾನು ಸೋತರೆ ಸಭೆ ಮತ್ತೆ ಇಳಿತದ ದಿನಕ್ಕೆ ಹೋಗುತ್ತದೆ, ಹೆಂಗಸರು ಮತ್ತೆ ಕೆಸರಿನಲ್ಲೇ ಉಳಿಯುತ್ತಾರೆ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಳು.

ಅತ್ತೆ ತೀರಿಹೋಗಿ ಈಗ ಕೆಲವು ವರ್ಷಗಳಾದವು. ಭರತ ಏರುವಾಗ ಕೂಗುವವರಿಲ್ಲ. ಹೆಂಗಸರು ತಾವೇ ನೋಡಿಕೊಂಡು ಮೇಲೆ ಬರುತ್ತಾರೆ. ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಅಂಕೋಲೆಯಲ್ಲಿ ಮತ ಎಣಿಸಿದ ದಿನ.

ಚುನಾವಣಾಧಿಕಾರಿ ಅತ್ತೆಯ ಹೆಸರು ಓದಿದರು. ಪಕ್ಕದಲ್ಲಿ ಮಾವ ನಿಂತದ್ದು ಕಂಡು, ರೂಢಿಯಂತೆ ಪ್ರಮಾಣಪತ್ರವನ್ನು ಅವನ ಕಡೆಗೇ ಚಾಚಿದರು. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.

ಅಪ್ಪ ಒಳಗೆ ಬಂದಿರಲಿಲ್ಲ, ಗೇಟಿನ ಹೊರಗೆ ನಿಂತಿದ್ದ. ಅತ್ತೆ ಕಾಗದವನ್ನು ಅವನ ಕೈಗೆ ಕೊಟ್ಟಳು. ಅಪ್ಪ ಅದನ್ನು ಎರಡು ಸಲ ಓದಿದ. ತಿರುಗಿ ಅವಳಿಗೆ ಕೊಟ್ಟು, ಬೆರಳು ಮಡಚಿ ತಿಥಿ ಎಣಿಸಿದ.

"ಬರೂ ಅಮಾಸೆಗೆ ಹನ್ನೊಂದು ಗಂಟೆಗೆ ಹೊಳೆ ತುಂಬಿರ್ತದೆ ಗಿರಿಜಾ. ಸಭೆ ಅವತ್ತೇ ಇಡೂಕೆ ಹೇಳು."