ನಿಲ್ಲದ ಬಸ್ಸಿನ ಲೆಕ್ಕ

ಹತ್ತನೇ ತರಗತಿಯ ಗಣಿತ ನನಗೆ ಎರಡು ಸಲ ಕೈಕೊಟ್ಟಿತ್ತು. ಮೂರನೇ ಸಲವೂ ಹೋದರೆ ತಂಬ್ರಹಳ್ಳಿಯ ಸೋದರಮಾವನಿಗೆ ಕೊಟ್ಟುಬಿಡುವುದೆಂದು ಅವ್ವ ತೀರ್ಮಾನಿಸಿದ್ದಳು. ಮಾವ ಒಳ್ಳೆಯವನೇ. ನನಗೆ ಬೇಡವಾಗಿದ್ದ, ಅಷ್ಟೇ.

ನಾನೇನು ದಡ್ಡಿಯಲ್ಲ, ನನ್ನ ರೋಗವೇ ಬೇರೆ. ಅಪ್ಪ ಹಡಗಲಿ–ಹರಪನಹಳ್ಳಿ ಖಾಸಗಿ ಬಸ್ಸಿನ ಡ್ರೈವರ್. ಬಸ್ಸು ಗಂಟೆಗೆ ನಲವತ್ತರಂತೆ ಅರವತ್ತು ಕಿಲೋಮೀಟರ್ ಹೋಗಲು ಎಷ್ಟು ಹೊತ್ತು ಎಂದು ಪುಸ್ತಕ ಕೇಳಿದರೆ, ಹೊತ್ತನ್ನು ಎಕ್ಸ್ ಎಂದಿಟ್ಟುಕೊಂಡು ಸಮೀಕರಣ ಸರಿಯಾಗಿಯೇ ಬರೆಯುತ್ತಿದ್ದೆ. ಆಮೇಲೆ ಕೈ ಸುಮ್ಮನಿರುತ್ತಿರಲಿಲ್ಲ. ಮಲ್ಲಿಗೆ ಬುಟ್ಟಿ ಮೇಲೇರಿಸಲು ಹತ್ತು ನಿಮಿಷ, ಎದುರು ಬಸ್ಸಿನವನ ಜೊತೆ ಕಿಟಕಿಯಿಂದ ಕಿಟಕಿಗೆ ಮಾತಾಡಲು ಐದು ನಿಮಿಷ ಕೂಡಿಸಿಬಿಡುತ್ತಿದ್ದೆ. ಮೇಷ್ಟ್ರು ಹಣೆ ಚಚ್ಚಿಕೊಂಡರು.

ಅಪ್ಪನಿಗೆ ತೋರಿಸಿದರೆ ಇನ್ನೂ ಹತ್ತು ನಿಮಿಷ ಸೇರಿಸಿದ. "ಚಾ ಬಿಟ್ಟೀಯಲ್ಲವ್ವಾ."

"ತಂದಿ ಮಗಳು ಕೂಡಿ ಲಗ್ನಪತ್ರಿಕಿನೂ ಬರದುಬಿಡ್ರಿ" ಎಂದಳು ಅವ್ವ.

ಆ ಮಾತು ಅಪ್ಪನಿಗೆ ನಾಟಿತು. ಪರೀಕ್ಷೆಯ ಹಿಂದಿನ ದಿನ ನನ್ನನ್ನು ಹಡಗಲಿಯಲ್ಲಿ ಎಂಜಿನ್ ಪಕ್ಕ ಕೂರಿಸಿ, ತನ್ನ ವಾಚು ಬಿಚ್ಚಿ ಕೈಗಿಟ್ಟ. "ಇವತ್ತು ಸ್ಪೀಡಿನ ಮುಳ್ಳು ನಲವತ್ತು ಬಿಟ್ಟು ಅಲುಗಾಡಂಗಿಲ್ಲ. ನೋಡ್ಕೋ."

ಬಿಟ್ಟಿದ್ದೇ ಬಿಟ್ಟಿದ್ದು. ಹೂವಿನವರು ಬುಟ್ಟಿ ಹಿಡಿದು ರಸ್ತೆಗೇ ಬಂದರು. ಅಪ್ಪ ಒಂದು ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದ. ಎದುರು ಬಸ್ಸಿನವನು ತಲೆ ಹೊರಗೆ ಹಾಕಿ "ಯಾರಿಗೇನಾತಲೇ?" ಎಂದು ಕೂಗಿದ. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾದ. ಇಳಿಯಬೇಕಾದವರೆಲ್ಲ ತಮ್ಮ ತಮ್ಮ ಊರನ್ನು ಕಿಟಕಿಯಲ್ಲಿ ನೋಡುತ್ತಲೇ ಹರಪನಹಳ್ಳಿ ಸೇರಿದರು. ಒಬ್ಬ ಅಜ್ಜಿ ಅಪ್ಪನ ಏಳು ತಲೆಮಾರನ್ನೂ ಬೈದಳು.

"ಮಗಳ ಪರೀಕ್ಷಿ ಐತಬೇ" ಎಂದ ಅಪ್ಪ.

"ಮದ್ಲ ಹೇಳಿದ್ರ ಬುತ್ತಿ ಕಟ್ಕೊಂಡು ಬರ್ತಿದ್ನಲ್ಲೋ!"

ನಾನು ವಾಚು ನೋಡಿದೆ. ದೂರವನ್ನು ನಲವತ್ತರಿಂದ ಭಾಗಿಸಿದರೆ ಎಷ್ಟೋ ಅಷ್ಟೇ ಹೊತ್ತು ಹಿಡಿದಿತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲವೆಂದು ತಿಳಿದು ನನಗೆ ಭಯವೇ ಆಯಿತು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಅದೇ ಬಸ್ಸಿನ ಲೆಕ್ಕ ಬಂದಿತ್ತು. ಒಂದೂವರೆ ಗಂಟೆ ಎಂದು ಬರೆದು, ಪೆನ್ನು ಕೆಳಗಿಟ್ಟು, ಎರಡೂ ಕೈಗಳ ಮೇಲೆ ಕೂತುಬಿಟ್ಟೆ.

ಹೊರಗೆ ಬಂದರೆ ಗೇಟಿನ ಹತ್ತಿರ ಅಪ್ಪ ನಿಂತಿದ್ದ. ಅವನು ಬಸ್ಸು ಓಡಿಸುತ್ತಿರಬೇಕಾದ ಹೊತ್ತು ಅದು.

"ಬಸ್ಸು?" ಎಂದೆ.

"ಮಾಲಕರು ನನ್ನ ಇಳಿಸಿದ್ರು. ಅದಿರ್ಲಿ, ಲೆಕ್ಕ ಬಂತಾ?"

"ಬಂತಪ್ಪ."

"ನಡುವ ಎಲ್ಲೂ ನಿಲ್ಲಿಸ್ಲಿಲ್ಲಲ್ಲ?"

ಇಲ್ಲವೆನ್ನುವಾಗ ಅಳು ಬಂತು. ಕೆಲಸ ಕಳೆದುಕೊಂಡಿದ್ದ ಅಪ್ಪ, ಮನೆಯವರೆಗೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ತಡೆದು ಮಗಳು ಪಾಸಾದಳೆಂದು ಹೇಳುತ್ತ ಬಂದ. ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳಿತ್ತು.