ಸಿಗ್ಮಾ ಅಕ್ಕ ಹುಡುಕಿದ ಅರ್ಧ

ಭೌತಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದ ಆಕೆಯನ್ನು, ಗಣಿತದಲ್ಲಿ ಕೂಡಿಸುವುದಕ್ಕೆ ಹಾಕುವ ಚಿಹ್ನೆಯ ಹೆಸರಿಟ್ಟು, ಎಲ್ಲರೂ ಸಿಗ್ಮಾ ಅಕ್ಕ ಎನ್ನುತ್ತಿದ್ದರು. ಕಲಿತದ್ದು ಹತ್ತನೇ ತರಗತಿ, ಗಣಿತದಲ್ಲಿ ಏಳುತ್ತಾ ಬೀಳುತ್ತಾ ಪಾಸು. ಆದರೆ ಎಂಥ ಕಾಗೆಕಾಲು ಗುಬ್ಬಿಕಾಲಿನ ಬರಹ ಕೊಟ್ಟರೂ ಸಮೀಕರಣಗಳು ಮುತ್ತು ಪೋಣಿಸಿದ ಹಾಗೆ ಹೊರಬರುತ್ತಿದ್ದವು. ಅದೇ ವಿಭಾಗದ ಸಂಶೋಧಕಿಯೊಬ್ಬಳು ಸೊಸೆಯಾಗಿ ಬಂದಾಗ ನೆಂಟರು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ಕಾಲ ಮುಗೀತು" ಎಂದು ಛೇಡಿಸಿದರು. ಮುಗಿಯುವುದೆಲ್ಲಿ ಬಂತು! ಸೊಸೆಯ ಪ್ರಬಂಧವೂ ಈಕೆಯ ಮೇಜಿಗೇ ಬಂತು.

ಒಪ್ಪಿಸುವ ಕೊನೆಯ ದಿನ. ಸಂಜೆ ನಾಲ್ಕು ದಾಟಿದರೆ ಇನ್ನೊಂದು ವರ್ಷ ಕಾಯಬೇಕು. ಹನ್ನೊಂದು ಗಂಟೆಗೆ ಸೊಸೆ ಟೈಪಿಂಗ್ ಕೋಣೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತಳು.

"ಎರಡು ದಾರೀಲೂ ಒಂದೇ ತಾಪಮಾನ ಬರ್ಬೇಕು ಅತ್ತೆ. ಒಂದರಲ್ಲಿ ಸರಿಯಾಗಿ ಎರಡು ಪಟ್ಟು ಬರ್ತಿದೆ. ಮೂರು ದಿನದಿಂದ ಹುಡುಕ್ತಿದೀನಿ."

"ಯಾವ ತಾಪಮಾನ?"

ಸೊಸೆ ಹಾಳೆಯ ತುಂಬ ಬಾಣ ಬರೆದಳು. ಆಯಸ್ಕಾಂತದೊಳಗಿನ ಸ್ಪಿನ್‌ಗಳೆಂಬ ಪುಟಾಣಿ ಕಾಂತಗಳು ಅವು; ಮೇಲೆ ನೋಡಬೇಕು, ಇಲ್ಲವೇ ಕೆಳಗೆ. "ಇಲ್ಲಿ ಪ್ರತಿಯೊಬ್ರೂ ಎಲ್ಲರ ಮಾತೂ ಕೇಳ್ತಾರೆ. ತಣ್ಣಗಿದ್ರೆ ಒಂದೇ ಕಡೆ ತಿರುಗ್ತಾರೆ. ಬಿಸಿ ಏರಿದ್ರೆ ಒಗ್ಗಟ್ಟು ಮುರಿಯತ್ತೆ. ಆ ತಾಪಮಾನ."

"ನಮ್ಮನೆ ಕಥೇನೇ ಅನ್ನು."

ಸೊಸೆಗೆ ನಗು ಬರಲಿಲ್ಲ. ಮೊದಲ ದಾರಿಯಲ್ಲಿ ಒಂದೇ ಬಾಣ ಹಿಡಿದು, ಉಳಿದವುಗಳ ಸರಾಸರಿ ಪ್ರಭಾವಕ್ಕೆ ಅದು ಹೇಗೆ ತಿರುಗುತ್ತದೆಂದು ನೋಡಿದ್ದಳು. ಎರಡನೆಯದರಲ್ಲಿ ಎಲ್ಲ ಜೋಡಿಗಳ ಶಕ್ತಿ ಕೂಡಿಸಿ, ಇಡೀ ಗುಂಪನ್ನು ಒಂದು ಅನುಕಲನಕ್ಕೆ ಇಳಿಸಿದ್ದಳು. ಸಿಗ್ಮಾ ಅಕ್ಕ ಆ ಎರಡನೆಯದರ ಮೊದಲ ಸಾಲು ನೋಡಿದಳು.

"ಜೋಡಿ ಸಿಗ್ಮಾ ಇದೆ. ಎಡಗಡೆ ಒಂದು ಅರ್ಧ ಇರತ್ತಲ್ಲಮ್ಮಾ, ಅದೆಲ್ಲಿ?"

"ಯಾವ ಅರ್ಧ?"

"ನಂಗೇನು ಗೊತ್ತು? ಈ ಬಾಣದ ಪ್ರಬಂಧ ಹದಿನಾಲ್ಕು ಟೈಪ್ ಮಾಡಿದೀನಿ. ಎಲ್ಲದರಲ್ಲೂ ಇತ್ತು."

ಸೊಸೆ ಹಾಳೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ನಗತೊಡಗಿದಳು; ನಗುತ್ತಲೇ ಕಣ್ಣೊರೆಸಿಕೊಂಡಳು. "ನಾನೂ ನೀವೂ ಕೈಕುಲುಕಿದ್ರೆ ಅದು ಒಂದೇ ಕೈಕುಲುಕು ಅಲ್ವಾ ಅತ್ತೆ? ನಾನು ನನ್ನ ಕಡೆಯಿಂದೊಂದು, ನಿಮ್ಮ ಕಡೆಯಿಂದೊಂದು ಅಂತ ಪ್ರತಿ ಜೋಡೀನೂ ಎರಡು ಸಲ ಎಣಿಸಿದೀನಿ."

ಅರ್ಧ ಕೂತಿತು, ಎರಡು ಉತ್ತರಗಳೂ ಕೂಡಿಕೊಂಡವು. ಅತ್ತೆಗಂತೂ ಸ್ವಂತ ಪರೀಕ್ಷೆ ಪಾಸಾದಷ್ಟು ಖುಷಿ. ಊಟದ ನೆನಪೂ ಇಲ್ಲದೆ ಟೈಪ್ ಮಾಡಿದಳು. ಮೂರೂವರೆಗೆ ಕೃತಜ್ಞತೆಯ ಪುಟವೊಂದೇ ಉಳಿಯಿತು. ಸೊಸೆ ಹೇಳುತ್ತಾ ಹೋದಳು, ಈಕೆ ಟೈಪ್ ಮಾಡುತ್ತಾ ಹೋದಳು.

"ಇದರ ದೊಡ್ಡ ತಪ್ಪನ್ನು ಹಿಡಿದವರು, ಈ ವಿಭಾಗದ ಎಲ್ಲರಿಗಿಂತ ಹೆಚ್ಚು ಪ್ರಬಂಧ ಓದಿರುವ ನನ್ನ ಅತ್ತೆ."

"ಓದಿಲ್ಲಮ್ಮಾ, ಬರೀ ಟೈಪ್ ಮಾಡಿದೀನಿ."

"ಓದಿದೀರಿ ಅತ್ತೆ. ಹಾಕಿ, ಹೊತ್ತಾಯ್ತು."

ಕಣ್ಣು ಮುಚ್ಚಿಕೊಂಡೇ ಸಮೀಕರಣ ಬಡಿಯಬಲ್ಲ ಸಿಗ್ಮಾ ಅಕ್ಕ, 'ಅತ್ತೆ' ಎಂಬ ಎರಡಕ್ಷರವನ್ನು ಮೂರು ಸಲ ಅಳಿಸಿ ಬರೆದಳು.